ಟಾಲಿಕ್ವಾ: 16 ಸಾವಿರ ಜನರ ಊರು, 4.5 ಲಕ್ಷ ಚೆರೋಕೀಗಳ ರಾಜಧಾನಿ

ತುಂಗಾತೀರ (ಟಲ್ಸಾ):
ಅಮೆರಿಕದ ಓಕ್ಲಹೋಮಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಓಝಾರ್ಕ್ ಗುಡ್ಡಗಳ ತಪ್ಪಲಿನಲ್ಲಿ ಟಾಲಿಕ್ವಾ ಎಂಬ ಊರಿದೆ. ಜನಸಂಖ್ಯೆ ಸುಮಾರು 16 ಸಾವಿರ. ಪಕ್ಕದಲ್ಲೇ ಇಲಿನಾಯ್ ನದಿ. ಬೇಸಿಗೆಯಲ್ಲಿ ಟಲ್ಸಾ, ಡಲ್ಲಾಸ್ ಕಡೆಯ ನಮ್ಮ ಕನ್ನಡಿಗರ ಗುಂಪುಗಳು ಅಲ್ಲಿಗೆ ದೋಣಿ ವಿಹಾರಕ್ಕೆ ಹೋಗುತ್ತವೆ. ನದಿಯಲ್ಲಿ ಆಡಿ, ಬುತ್ತಿ ಬಿಚ್ಚಿ ಉಂಡು, ಊರಿನೊಳಗೆ ಕಾಲಿಡದೆ ಮರಳುತ್ತವೆ. ಅದು ನನಗೆ ಬಹಳ ಬೇಸರದ ಸಂಗತಿ.

ಊರಿನ ಮುಖ್ಯ ರಸ್ತೆ ಮಸ್ಕೋಗಿ ಅವೆನ್ಯೂ. ಅಲ್ಲಿನ ಬೀದಿ ಫಲಕಗಳಲ್ಲಿ ಇಂಗ್ಲಿಷ್ ಜೊತೆಗೆ ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಚೆರೋಕೀಗಳ ಲಿಪಿಯೂ ಇದೆ. ಚೌಕದ ನಡುವೆ ಕೆಂಪು ಇಟ್ಟಿಗೆಯ ಎರಡು ಅಂತಸ್ತಿನ ಕಟ್ಟಡವೊಂದಿದೆ. ಅಂತರ್ಯುದ್ಧ ಮುಗಿದ ಮೇಲೆ, 1860ರ ದಶಕದ ಕೊನೆಯಲ್ಲಿ ಚೆರೋಕೀಗಳು ತಮ್ಮ ಸರ್ಕಾರಕ್ಕಾಗಿ ಕಟ್ಟಿಸಿಕೊಂಡ ರಾಜಧಾನಿ ಭವನ ಅದು. ಈಗ ಅದರೊಳಗೆ ಅವರದೇ ಇತಿಹಾಸ ಸಂಗ್ರಹಾಲಯವಿದೆ. ಅದನ್ನು ನೋಡಿದವರು, ಪಾಪ, ಮುಗಿದುಹೋದ ಜನಾಂಗದ ನೆನಪು ಎಂದುಕೊಂಡು ಹೊರಟುಬಿಡುತ್ತಾರೆ. ನಾನು ವಾದಿಸುವುದು ಇದನ್ನೇ: ಟಾಲಿಕ್ವಾ ನೆನಪಿನ ಊರಲ್ಲ, ಕೆಲಸ ಮಾಡುತ್ತಿರುವ ರಾಜಧಾನಿ. ಊರಿನ ದಕ್ಷಿಣಕ್ಕೆ ಚೆರೋಕೀಗಳ ಸರ್ಕಾರವಾದ ಚೆರೋಕೀ ನೇಷನ್‌ನ ಆಡಳಿತ ಕಚೇರಿಗಳಿವೆ. ಅಲ್ಲಿ ಮುಖ್ಯಸ್ಥರು, 17 ಸದಸ್ಯರ ಪರಿಷತ್ತು, ಸ್ವಂತ ನ್ಯಾಯಾಲಯ, ಸ್ವಂತ ಪೊಲೀಸ್ ಪಡೆ ಎಲ್ಲವೂ ಇವೆ. ತನ್ನ ಸದಸ್ಯರ ವಾಹನಗಳಿಗೆ ಚೆರೋಕೀ ನೇಷನ್ನೇ ನಂಬರ್ ಪ್ಲೇಟ್ ಕೊಡುತ್ತದೆ. ಬಲ್ಲವರು ಸೇರಿಸಿ, ಒಪ್ಪದವರು ವಾದಿಸಿ.

ಶಾಲೆಯ ಅಂಗಳ (ಹಾವೇರಿ):
ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ದೇಶದೊಳಗೆ ಇನ್ನೊಂದು ನೇಷನ್, ಅದಕ್ಕೊಂದು ರಾಜಧಾನಿ ಎಂದರೆ ಮಕ್ಕಳಿಗೆ ಹೇಗೆ ಅರ್ಥ ಮಾಡಿಸಲಿ? 4.5 ಲಕ್ಷ ಜನರಿರುವಾಗ ರಾಜಧಾನಿ ಮಾತ್ರ ಅಂಗೈಯಗಲದ ಊರಾಗಿದ್ದು ಏಕೆ? ಚೆರೋಕೀಗಳು ಮೂಲತಃ ಅಲ್ಲಿಯವರೇ?

ಹಳೆಯ ಪುಟ (ಮೈಸೂರು):
ಅಲ್ಲಿಯವರಲ್ಲ. ಇಡೀ ಕಥೆಯ ಬೇರು ಅಲ್ಲೇ ಇದೆ.

ಚೆರೋಕೀಗಳ ತಾಯ್ನೆಲ ಅಪಲಾಚಿಯನ್ ಪರ್ವತಗಳ ದಕ್ಷಿಣ ಭಾಗ: ಈಗಿನ ಜಾರ್ಜಿಯಾ, ಟೆನೆಸ್ಸೀ, ಉತ್ತರ ಕ್ಯಾರೊಲಿನಾ, ಅಲಬಾಮಾಗಳ ಸೀಮೆ. ಜಾರ್ಜಿಯಾದ ನ್ಯೂ ಎಕೋಟಾ ಅವರ ರಾಜಧಾನಿಯಾಗಿತ್ತು. 1827ರಲ್ಲೇ ಅವರು ಲಿಖಿತ ಸಂವಿಧಾನ ಮಾಡಿಕೊಂಡಿದ್ದರು. ಅವರ ನೆಲದಲ್ಲಿ ಚಿನ್ನ ಸಿಕ್ಕಿತು, ಜಾರ್ಜಿಯಾದ ಕಣ್ಣು ಬಿತ್ತು. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಳುಹಿಸುವ ಕಾಯ್ದೆ ಬಂತು. ಚೆರೋಕೀಗಳ ಮೇಲೆ ಜಾರ್ಜಿಯಾದ ಕಾನೂನು ನಡೆಯದು ಎಂದು 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತೀರ್ಪು ಕಾಗದದಲ್ಲೇ ಉಳಿಯಿತು. 1835ರ ಡಿಸೆಂಬರ್‌ನಲ್ಲಿ ಒಂದು ಸಣ್ಣ ಗುಂಪು ನ್ಯೂ ಎಕೋಟಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ತಾಯ್ನೆಲವನ್ನು ಬಿಟ್ಟುಕೊಟ್ಟಿತು. ಜನರು ಆರಿಸಿದ ಮುಖ್ಯಸ್ಥ ಜಾನ್ ರಾಸ್ ಸಹಿ ಹಾಕಲಿಲ್ಲ, ಬಹುಪಾಲು ಜನರೂ ಒಪ್ಪಲಿಲ್ಲ.

1838ರಲ್ಲಿ ಸೈನ್ಯ ಬಂದು ಸಂಸಾರಗಳನ್ನು ಮನೆಗಳಿಂದ ಹೊರಗೆಳೆದು ದೊಡ್ಡಿಗಳಲ್ಲಿ ಕೂಡಿಹಾಕಿತು. ಅಲ್ಲಿಂದ ಸುಮಾರು 16,000 ಜನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ದೊಡ್ಡಿಗಳಲ್ಲಿ, ಚಳಿಗಾಲದ ದಾರಿಯಲ್ಲಿ, ತಲುಪಿದ ಮೇಲೆ ಎಲ್ಲ ಸೇರಿ ಸುಮಾರು 4,000 ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಕಣ್ಣೀರಿನ ಹಾದಿ ಎಂದು ಕರೆಯುವುದು ಇದನ್ನೇ.

ಬಂದು ತಲುಪಿದವರ ನಡುವೆ ಒಗ್ಗಟ್ಟೂ ಇರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಮೇಜರ್ ರಿಜ್, ಆತನ ಮಗ ಜಾನ್ ರಿಜ್, ಪತ್ರಿಕೆಯ ಸಂಪಾದಕನಾಗಿದ್ದ ಇಲಿಯಾಸ್ ಬೌಡಿನಾಟ್ ಮೂವರನ್ನೂ 1839ರ ಜೂನ್ 22ರಂದು ಒಂದೇ ದಿನ ಕೊಲ್ಲಲಾಯಿತು. ಇದಕ್ಕೂ ಮೊದಲೇ ಪಶ್ಚಿಮಕ್ಕೆ ಬಂದು ನೆಲೆಸಿದ್ದ ಚೆರೋಕೀಗಳದ್ದು ಮೂರನೆಯ ಬಣ. ಹೆಣ ಬಿದ್ದ ಮೂರೇ ವಾರಗಳಲ್ಲಿ, ಜುಲೈ 12ರಂದು, ಹೊಸಬರೂ ಹಳಬರೂ ಒಂದೇ ಎಂಬ ಒಕ್ಕೂಟ ಪತ್ರಕ್ಕೆ ಸಹಿ ಬಿತ್ತು. ಸೆಪ್ಟೆಂಬರ್ 6ರಂದು ಟಾಲಿಕ್ವಾದಲ್ಲಿ ಹೊಸ ಸಂವಿಧಾನ ಬಂತು. ರಕ್ತ ಇನ್ನೂ ಆರಿರದ ಹೊತ್ತಿನಲ್ಲಿ ಆ ಜನ ಮೊದಲು ಮಾಡಿದ್ದು ಸಂವಿಧಾನವನ್ನು. ಇದನ್ನು ಓದುವಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಶಾಲೆಯ ಅಂಗಳ, ನಿಮ್ಮ ಪ್ರಶ್ನೆಗೆ ಉತ್ತರ: ಊರು ಬೆಳೆದು ರಾಜಧಾನಿಯಾದದ್ದಲ್ಲ. ಎಲ್ಲವನ್ನೂ ಕಳೆದುಕೊಂಡು ಬಂದವರು ಸಭೆ ಸೇರಲು ಆರಿಸಿದ ಜಾಗದ ಸುತ್ತ ಊರು ಹುಟ್ಟಿತು. ಮೊದಲು ಅಲ್ಲಿದ್ದದ್ದು ಮರದ ದಿಮ್ಮಿಗಳ ಸಭಾಮನೆಗಳು. ಅಂತರ್ಯುದ್ಧದಲ್ಲಿ ಚೆರೋಕೀಗಳು ಮತ್ತೆ ಎರಡು ಪಾಲಾದಾಗ ಅವು ಸುಟ್ಟುಹೋದವು. ಇಟ್ಟಿಗೆಯ ಭವನ ಬಂದದ್ದು ಆ ಬಳಿಕ.

ಲಿಪಿಪ್ರಿಯೆ (ಧಾರವಾಡ):
ಬೀದಿ ಫಲಕದ ಲಿಪಿಯ ಬಗ್ಗೆ ನಾನು ಹೇಳಲೇಬೇಕು.

ಸೆಕ್ವೋಯಾ ಎಂಬ ಚೆರೋಕೀ ಕುಶಲಕರ್ಮಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಮಾತನ್ನು ಇಟ್ಟುಕೊಳ್ಳುತ್ತಾರೆಂಬುದನ್ನು ಗಮನಿಸಿ, ವರ್ಷಗಟ್ಟಲೆ ಒಬ್ಬನೇ ಕುಳಿತು, 1821ರ ವೇಳೆಗೆ ತನ್ನ ಭಾಷೆಗೆ ಪೂರ್ತಿ ಲಿಪಿಯನ್ನು ಮಾಡಿ ಮುಗಿಸಿದ. ಮೊದಲು 86 ಅಕ್ಷರ, ಈಗ ಬಳಕೆಯಲ್ಲಿರುವುದು 85. ನಮ್ಮ ಕಾಗುಣಿತದಲ್ಲಿ ಗ, ಗಿ, ಗು ಎಂದು ಬರೆದರೆ ಒಂದೇ ಅಕ್ಷರದ ಮೈಗೆ ಗುಡಿಸು, ಕೊಂಬು ಸೇರುತ್ತವೆ. ಚೆರೋಕೀಯಲ್ಲಿ ಹಾಗಿಲ್ಲ. ಗ ಒಂದು ಆಕಾರ, ಗಿ ಇನ್ನೊಂದು, ಗು ಮತ್ತೊಂದು, ಒಂದಕ್ಕೊಂದು ನಂಟೇ ಕಾಣದು. ಕಲಿಯಲು ಕಷ್ಟ ಎನಿಸುತ್ತದೆ. ಆದರೆ ಮನೆಯಲ್ಲಿ ಆಡುವ ಭಾಷೆಯ ಲಿಪಿಯಾದ್ದರಿಂದ ಜನ ಬೇಗನೆ ಕಲಿತರು. 1828ರಲ್ಲಿ ನ್ಯೂ ಎಕೋಟಾದಲ್ಲಿ ಚೆರೋಕೀ ಫೀನಿಕ್ಸ್ ಎಂಬ ಪತ್ರಿಕೆ ಎರಡು ಭಾಷೆಗಳಲ್ಲಿ ಹೊರಬಂತು. ಜಾರ್ಜಿಯಾದ ಅಧಿಕಾರ ಅದನ್ನು ನಿಲ್ಲಿಸಿತು. ಗಡೀಪಾರಾದ ಜನ 1844ರಲ್ಲಿ ಟಾಲಿಕ್ವಾದಿಂದ ಚೆರೋಕೀ ಅಡ್ವೊಕೇಟ್ ಎಂಬ ಪತ್ರಿಕೆಯನ್ನು ಮತ್ತೆ ಎರಡು ಭಾಷೆಗಳಲ್ಲೇ ತಂದರು. ಈಗಿನ ಓಕ್ಲಹೋಮಾದ ನೆಲದಲ್ಲಿ ಮೊದಲ ವೃತ್ತಪತ್ರಿಕೆ ಅದು. ಅದೇ ವರ್ಷ ಕಟ್ಟಿದ ಚೆರೋಕೀ ಸುಪ್ರೀಂ ಕೋರ್ಟ್ ಕಟ್ಟಡದಲ್ಲಿ ಒಂದು ಕಾಲದಲ್ಲಿ ಆ ಪತ್ರಿಕೆಯ ಅಚ್ಚುಕೂಟವೂ ಇತ್ತು. ಓಕ್ಲಹೋಮಾದಲ್ಲಿ ಉಳಿದಿರುವ ಸರ್ಕಾರಿ ಕಟ್ಟಡಗಳಲ್ಲಿ ಅತ್ಯಂತ ಹಳೆಯದು ಅದೇ.

ನಮಗೆ ನೇರವಾಗಿ ತಟ್ಟುವ ಇನ್ನೊಂದು ಮಾತು. ಐಫೋನ್‌ಗೆ ಚೆರೋಕೀ ಕೀಲಿಮಣೆ 2010ರಲ್ಲಿ ಬಂತು. ಕೋಟಿಗಟ್ಟಲೆ ಜನ ಆಡುವ ನಮ್ಮ ಕನ್ನಡಕ್ಕೆ ಅದೇ ಫೋನಿನಲ್ಲಿ ಕೀಲಿಮಣೆ ಬಂದದ್ದು 2017ರಲ್ಲಿ. ಚೆರೋಕೀ ಸರ್ಕಾರ ಕಂಪನಿಯ ಬೆನ್ನುಬಿದ್ದು ಮಾಡಿಸಿಕೊಂಡ ಕೆಲಸ ಅದು. ಒಂದು ಭಾಷೆಗೆ ರಾಜಧಾನಿ ಇದ್ದರೆ ಸಾಲದು, ಆ ರಾಜಧಾನಿಯಲ್ಲಿ ಭಾಷೆಗಾಗಿ ಹಟ ಹಿಡಿಯುವವರು ಬೇಕು.

ಕಡತ (ಡಲ್ಲಾಸ್):
ಎಲ್ಲರೂ ಹೊಗಳುತ್ತಿದ್ದೀರಿ. ಒಂದು ಕಹಿ ಸತ್ಯವನ್ನೂ ಇದೇ ಪುಟದಲ್ಲಿ ಬರೆಯಬೇಕು. ಚೆರೋಕೀಗಳಲ್ಲಿ ಸ್ಥಿತಿವಂತರು ಕರಿಯ ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಕಣ್ಣೀರಿನ ಹಾದಿಯಲ್ಲಿ ಆ ಗುಲಾಮರೂ ನಡೆದರು, ಅವರೂ ಸತ್ತರು. ಟಾಲಿಕ್ವಾದ ಪಕ್ಕದ ಪಾರ್ಕ್ ಹಿಲ್‌ನಲ್ಲಿ ಈಗಲೂ ನಿಂತಿರುವ ಮರೆಲ್ ಮಹಲಿಗೆ ಪ್ರವಾಸಿಗರು ಹೋಗುತ್ತಾರೆ. ಅದನ್ನು ನಡೆಸಿದ್ದು ಗುಲಾಮರ ದುಡಿಮೆ. 1842ರಲ್ಲಿ ವೆಬರ್ಸ್ ಫಾಲ್ಸ್‌ನಲ್ಲಿ ಗುಲಾಮರು ದಂಗೆಯೆದ್ದು ಮೆಕ್ಸಿಕೋದತ್ತ ಓಡಿದಾಗ ಚೆರೋಕೀ ಪಡೆ ಬೆನ್ನಟ್ಟಿ ಹಿಡಿಯಿತು.

ಅಮೆರಿಕದೊಡನೆ ಮಾಡಿಕೊಂಡ 1866ರ ಒಪ್ಪಂದದಲ್ಲಿ, ಬಿಡುಗಡೆಯಾದ ಗುಲಾಮರಿಗೂ ಅವರ ಸಂತತಿಗೂ ಚೆರೋಕೀಗಳಿಗಿರುವ ಎಲ್ಲ ಹಕ್ಕುಗಳೂ ಇವೆ ಎಂದು ಬರೆದುಕೊಟ್ಟಿದ್ದರು. ಹಾಗಿದ್ದೂ 2007ರಲ್ಲಿ ಮತದಾನ ನಡೆಸಿ ಆ ಸಂತತಿಯನ್ನು ನಾಗರಿಕತ್ವದಿಂದ ಹೊರಹಾಕಲು ನಿರ್ಧರಿಸಿದರು. ತಮಗೆ ಕೊಟ್ಟ ಮಾತನ್ನು ಅಮೆರಿಕ ಮುರಿಯಿತೆಂದು ನೂರೈವತ್ತು ವರ್ಷ ಹೋರಾಡಿದ ಜನ ತಾವು ಕೊಟ್ಟ ಮಾತನ್ನು ಮುರಿಯಲು ಹೊರಟದ್ದು ಹೇಗೆ? ಟಾಲಿಕ್ವಾವನ್ನು ಹೊಗಳುವವರು ಇದಕ್ಕೆ ಉತ್ತರಿಸಬೇಕು.

ತುಂಗಾತೀರ (ಟಲ್ಸಾ):
ಕಡತ ಅವರು ಬರೆದ ಒಂದು ಅಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಮುಂದಿನ ಭಾಗ ಹೀಗಿದೆ. ಹೊರಹಾಕಲ್ಪಟ್ಟವರು ನ್ಯಾಯಾಲಯಕ್ಕೆ ಹೋದರು. 1866ರ ಒಪ್ಪಂದ ಅವರಿಗೆ ಪೂರ್ತಿ ನಾಗರಿಕತ್ವ ಕೊಡುತ್ತದೆ ಎಂದು 2017ರ ಆಗಸ್ಟ್‌ನಲ್ಲಿ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನ್ಯಾಯಾಲಯ ತೀರ್ಪಿತ್ತಿತು. ಚೆರೋಕೀ ನೇಷನ್ ಮೇಲ್ಮನವಿ ಸಲ್ಲಿಸದೆ ತೀರ್ಪನ್ನು ಒಪ್ಪಿಕೊಂಡಿತು. 2021ರ ಫೆಬ್ರುವರಿಯಲ್ಲಿ ಚೆರೋಕೀ ನೇಷನ್‌ನ ಸ್ವಂತ ಸುಪ್ರೀಂ ಕೋರ್ಟ್, ರಕ್ತಸಂಬಂಧವಿದ್ದವರಿಗೆ ಮಾತ್ರ ಎಂಬ ಷರತ್ತನ್ನು ಸಂವಿಧಾನದಿಂದಲೇ ತೆಗೆದುಹಾಕಿತು. ಹಾಗಾಗಿ ಆ ಸಂತತಿಯವರು ಈಗ ಚುನಾವಣೆಗೂ ನಿಲ್ಲಬಹುದು. ಅನ್ಯಾಯ ನಡೆಯಿತು, ಅದನ್ನು ಎದುರಿಸಿದವರು ಗೆದ್ದರು, ಕೊನೆಯ ತಿದ್ದುಪಡಿ ಚೆರೋಕೀ ನ್ಯಾಯಾಲಯದಿಂದಲೇ ಬಂತು. ರಾಜಧಾನಿ ಕೆಲಸ ಮಾಡುತ್ತಿದೆ ಎಂಬ ನನ್ನ ಮಾತಿಗೆ ಇದೂ ಆಧಾರ.

ಕಡತ (ಡಲ್ಲಾಸ್):
ಗೆದ್ದದ್ದನ್ನು ಒಪ್ಪುತ್ತೇನೆ. ಆ ಗೆಲುವಿಗಾಗಿ ಹೋರಾಡಿದವರಲ್ಲಿ ಕೆಲವರು ತೀರ್ಪು ಬರುವ ಮೊದಲೇ ತೀರಿಕೊಂಡರು ಎಂಬುದೂ ನೆನಪಿರಲಿ.

ನ್ಯಾಯಪಥ (ಬೆಂಗಳೂರು):
ದೇಶದೊಳಗಿನ ನೇಷನ್ ಎಂಬ ಪ್ರಶ್ನೆಗೆ ಕಾನೂನಿನ ಕಡೆಯಿಂದ ಬರುತ್ತೇನೆ. ಇದು ನಮ್ಮ ರಾಜ್ಯ–ಕೇಂದ್ರ ವ್ಯವಸ್ಥೆಯಂತಲ್ಲ. ನಮ್ಮಲ್ಲಿ ರಾಜ್ಯಗಳ ಗಡಿಯನ್ನು ಸಂಸತ್ತು ಬದಲಿಸಬಹುದು. ಅಲ್ಲಿ ಬುಡಕಟ್ಟುಗಳು ಅಮೆರಿಕದ ಸಂವಿಧಾನಕ್ಕಿಂತ ಮೊದಲೇ ಇದ್ದ ರಾಜ್ಯವ್ಯವಸ್ಥೆಗಳು, ಒಪ್ಪಂದಗಳ ಮೂಲಕ ಒಕ್ಕೂಟದೊಡನೆ ಸಂಬಂಧ ಇಟ್ಟುಕೊಂಡವು. ಒಪ್ಪಂದವನ್ನು ಮುರಿಯುವ ಬಲ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಇದೆ, ಆದರೆ ಮುರಿದದ್ದನ್ನು ಅದು ಸ್ಪಷ್ಟವಾಗಿ ಹೇಳಿರಬೇಕು. ಇಡೀ ಕಥೆ ನಿಂತಿರುವುದು ಈ ಒಂದು ಎಳೆಯ ಮೇಲೆ.

1890ರ ದಶಕದಲ್ಲಿ ಕಾಂಗ್ರೆಸ್ಸು ಚೆರೋಕೀಗಳ ಸಾಮೂಹಿಕ ಭೂಮಿಯನ್ನು ತುಂಡು ಮಾಡಲು ಹೊರಟಿತು. ಅಲ್ಲಿಯವರೆಗೆ ನೆಲ ಇಡೀ ನೇಷನ್ನಿನದು, ಉಳುವವನಿಗೆ ಅನುಭವದ ಹಕ್ಕು. ಅದಕ್ಕಾಗಿ ನೇಮಿಸಿದ ಡಾಸ್ ಆಯೋಗ ಜನರ ಪಟ್ಟಿ ಮಾಡಿ, ಸರಾಸರಿ ಗುಣದ ನೆಲವಾದರೆ ತಲಾ 110 ಎಕರೆಯಂತೆ ಹಂಚಿತು. 1898ರ ಕರ್ಟಿಸ್ ಕಾಯ್ದೆ ಬುಡಕಟ್ಟು ನ್ಯಾಯಾಲಯಗಳನ್ನು ಮುಚ್ಚಿಸಿತು. 1907ರ ನವೆಂಬರ್ 16ರಂದು ಓಕ್ಲಹೋಮಾ ರಾಜ್ಯವಾಯಿತು. ಟಾಲಿಕ್ವಾದ ರಾಜಧಾನಿ ಭವನವನ್ನು ಕೌಂಟಿ ಕೋರ್ಟಾಗಿ ಬಳಸಿದರು. ಅದು ಚೆರೋಕೀಗಳ ಕೈಗೆ ಮರಳಿದ್ದು 1979ರಲ್ಲಿ. ಎಪ್ಪತ್ತು ವರ್ಷ! ನಡುವಿನ ಕಾಲದಲ್ಲಿ ಮುಖ್ಯಸ್ಥರನ್ನು ಜನ ಆರಿಸಲಿಲ್ಲ, ಅಮೆರಿಕದ ಅಧ್ಯಕ್ಷರು ನೇಮಿಸುತ್ತಿದ್ದರು, ಅದೂ ಕೆಲವೊಮ್ಮೆ ಒಂದು ಕಾಗದಕ್ಕೆ ಸಹಿ ಹಾಕಿಸಲು ಒಂದೇ ದಿನದ ಮಟ್ಟಿಗೆ. 1970ರಲ್ಲಿ ಕಾನೂನು ಬದಲಾಗಿ 1971ರಲ್ಲಿ ಮತ್ತೆ ಚುನಾವಣೆ ನಡೆಯಿತು.

2020ರ ಜುಲೈ 9ರಂದು ಮೆಕ್‌ಗರ್ಟ್ ಪ್ರಕರಣದ ತೀರ್ಪು ಬಂತು. ನೆರೆಯ ಬುಡಕಟ್ಟಾದ ಮಸ್ಕೋಗಿ (ಕ್ರೀಕ್) ಜನರ ಮೀಸಲು ಪ್ರದೇಶವನ್ನು ಕಾಂಗ್ರೆಸ್ಸು ಎಂದೂ ರದ್ದುಮಾಡಿಲ್ಲ, ಆದ್ದರಿಂದ ಅದು ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 2021ರ ಮಾರ್ಚ್‌ನಲ್ಲಿ ಓಕ್ಲಹೋಮಾದ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಇದೇ ತರ್ಕವನ್ನು ಚೆರೋಕೀ ಮೀಸಲು ಪ್ರದೇಶಕ್ಕೂ ಅನ್ವಯಿಸಿತು. 14 ಕೌಂಟಿಗಳಲ್ಲಿ ಹರಡಿದ ಸುಮಾರು 7,000 ಚದರ ಮೈಲಿಯ ಪ್ರದೇಶ ಕಾನೂನಿನ ದೃಷ್ಟಿಯಲ್ಲಿ ಎಂದೂ ಅಳಿದಿರಲೇ ಇಲ್ಲ.

ಬೆಳದಿಂಗಳು (ಟಲ್ಸಾ):
ನಮ್ಮ ಮನೆ ಟಲ್ಸಾದ ಪೂರ್ವ ಭಾಗದಲ್ಲಿದೆ. ಹಾಗಾದರೆ ನಾವೂ ಚೆರೋಕೀ ಮೀಸಲು ಪ್ರದೇಶದಲ್ಲಿದ್ದೇವೆಯೇ? ಮನೆಯ ಹಕ್ಕುಪತ್ರಕ್ಕೆ ತೊಂದರೆಯಿದೆಯೇ? ತೀರ್ಪು ಬಂದಾಗ ಇಲ್ಲಿ ಬಹಳ ಜನ ಹೆದರಿದ್ದರು.

ನ್ಯಾಯಪಥ (ಬೆಂಗಳೂರು):
ಟಲ್ಸಾ ನಗರ ಚೆರೋಕೀ, ಮಸ್ಕೋಗಿ, ಓಸೇಜ್ ಎಂಬ ಮೂರು ಸೀಮೆಗಳ ಮೇಲೆ ಚಾಚಿಕೊಂಡಿದೆ, ಆದ್ದರಿಂದ ನಿಮ್ಮ ಮನೆ ಚೆರೋಕೀ ಗಡಿಯೊಳಗೆ ಇರಬಹುದು. ಹಕ್ಕುಪತ್ರಕ್ಕೆ ಏನೂ ಆಗಿಲ್ಲ. ಖಾಸಗಿ ಆಸ್ತಿಯ ಒಡೆತನವನ್ನು ಈ ತೀರ್ಪುಗಳು ಮುಟ್ಟಿಲ್ಲ. ಬದಲಾದದ್ದು ಮುಖ್ಯವಾಗಿ ಅಪರಾಧ ಪ್ರಕರಣಗಳ ವಿಚಾರಣೆ. ಆರೋಪಿ ಬುಡಕಟ್ಟಿನ ಸದಸ್ಯನಾದರೆ ಪ್ರಕರಣ ಬುಡಕಟ್ಟು ನ್ಯಾಯಾಲಯಕ್ಕೆ ಹೋಗುತ್ತದೆ. ಕೊಲೆಯಂತಹ ಘೋರ ಅಪರಾಧಗಳನ್ನು 1885ರ ಕಾಯ್ದೆಯ ಪ್ರಕಾರ ಫೆಡರಲ್ ನ್ಯಾಯಾಲಯ ವಿಚಾರಿಸುತ್ತದೆ. ನಿಮ್ಮ ಮನೆಯಲ್ಲಿ ಕಳ್ಳತನವಾಗಿ, ಕಳ್ಳನೂ ನೀವೂ ಇಬ್ಬರೂ ಬುಡಕಟ್ಟಿನವರಲ್ಲದಿದ್ದರೆ ಎಂದಿನಂತೆ ರಾಜ್ಯದ ಪೊಲೀಸರು, ರಾಜ್ಯದ ಕೋರ್ಟು. ಬುಡಕಟ್ಟಿನವರಲ್ಲದವರು ಬುಡಕಟ್ಟಿನವರ ಮೇಲೆ ಎಸಗಿದ ಅಪರಾಧವನ್ನು ಫೆಡರಲ್ ಸರ್ಕಾರದ ಜೊತೆಗೆ ರಾಜ್ಯವೂ ವಿಚಾರಿಸಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಚೆರೋಕೀಗಳಿಗೆ ನೋವು ತಂದಿತು, ನನಗೂ ಅದು ಸರಿ ಎನಿಸಿಲ್ಲ. ರಸ್ತೆಯಲ್ಲಿ ನಿಮ್ಮನ್ನು ತಡೆಯುವ ಪೊಲೀಸರು ಯಾವ ಪಡೆಯವರಾದರೂ ಚಿಂತೆಯಿಲ್ಲ, ಪಡೆಗಳ ನಡುವೆ ಪರಸ್ಪರ ಅಧಿಕಾರದ ಒಪ್ಪಂದಗಳಿವೆ.

ಮಲ್ಲಿಗೆ ಮೊಗ್ಗು (ಶಿವಮೊಗ್ಗ):
ಹೆಣ್ಣುಮಕ್ಕಳ ಶಾಲೆಯ ಮಾತು ಯಾರೂ ಎತ್ತಲಿಲ್ಲ. ಚೆರೋಕೀ ಸರ್ಕಾರ ತನ್ನದೇ ಹಣದಲ್ಲಿ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಉನ್ನತ ಶಾಲೆಯನ್ನು 1851ರಲ್ಲೇ ತೆರೆಯಿತು. ಹೆಣ್ಣುಮಕ್ಕಳ ಶಾಲೆ ಪಾರ್ಕ್ ಹಿಲ್‌ನಲ್ಲಿತ್ತು. 1887ರ ಈಸ್ಟರ್ ದಿನ ಅದು ಸುಟ್ಟುಹೋಯಿತು. ಮೂರು ಇಟ್ಟಿಗೆಯ ಕಂಬಗಳು ಮಾತ್ರ ಈಗಲೂ ಅಲ್ಲಿ ನಿಂತಿವೆ. ಎರಡೇ ವರ್ಷಗಳಲ್ಲಿ, 1889ರಲ್ಲಿ, ಟಾಲಿಕ್ವಾದಲ್ಲಿ ಹೊಸ ಕಟ್ಟಡ ಎದ್ದಿತು. 1909ರಲ್ಲಿ ರಾಜ್ಯ ಅದನ್ನು ಕೊಂಡು ಶಿಕ್ಷಕರ ತರಬೇತಿ ಕಾಲೇಜು ಮಾಡಿತು. ಇಂದಿನ ನಾರ್ತ್‌ಈಸ್ಟರ್ನ್ ಸ್ಟೇಟ್ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದ. ಗೋಪುರಗಳ ಆ ಕಟ್ಟಡದಲ್ಲಿ ಇಂದಿಗೂ ತರಗತಿಗಳು ನಡೆಯುತ್ತವೆ.

ಹೆಮ್ಮೆಯ ಜೊತೆಗೆ ಒಂದು ಸಂಕಟವೂ ಇದೆ. ಆ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದರು, ಚೆರೋಕೀ ಭಾಷೆಯನ್ನು ಕಲಿಸಲಿಲ್ಲ. ತಮ್ಮದೇ ಸರ್ಕಾರ, ತಮ್ಮದೇ ದುಡ್ಡು, ಕೈಯಲ್ಲಿ ತಮ್ಮದೇ ಲಿಪಿ ಇದ್ದೂ ಹಾಗೆ ಮಾಡಿದರು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಲು ಸಾಲಗಟ್ಟಿ ನಿಲ್ಲುವ ನಾವು ಇದನ್ನು ಎರಡು ಸಲ ಓದಬೇಕು. ಇವತ್ತು ಚೆರೋಕೀಯನ್ನು ತಾಯ್ನುಡಿಯಾಗಿ ಸರಾಗವಾಗಿ ಆಡುವವರು 2,000ಕ್ಕೂ ಕಡಿಮೆ, ಹೆಚ್ಚಿನವರು ವಯಸ್ಸಾದವರು.

ಲಿಪಿಪ್ರಿಯೆ (ಧಾರವಾಡ):
ಅದನ್ನು ಸರಿಪಡಿಸುವ ಕೆಲಸವೂ ಟಾಲಿಕ್ವಾದಲ್ಲೇ ನಡೆಯುತ್ತಿದೆ. 2001ರಿಂದ ಅಲ್ಲಿ ಚೆರೋಕೀ ಮಾಧ್ಯಮದ ಶಾಲೆಯಿದೆ. 2019ರಲ್ಲಿ ಚೆರೋಕೀಗಳಿಗೆ ಇರುವ ಮೂರು ಸರ್ಕಾರಗಳೂ ಸೇರಿ ಭಾಷೆಗೆ ತುರ್ತುಪರಿಸ್ಥಿತಿ ಘೋಷಿಸಿದವು. 1975ರಲ್ಲಿ ಚೆರೋಕೀ–ಇಂಗ್ಲಿಷ್ ನಿಘಂಟು ಕೊಟ್ಟ ಡರ್ಬಿನ್ ಫೀಲಿಂಗ್ ಅವರ ಹೆಸರಿನ ಭಾಷಾ ಕೇಂದ್ರ 2022ರಲ್ಲಿ ತೆರೆಯಿತು. ಮೊದಲು ಕ್ಯಾಸಿನೋ ಆಗಿದ್ದ ಕಟ್ಟಡವನ್ನೇ ಪೂರ್ತಿ ಬದಲಿಸಿ ಮಾಡಿದ್ದು! ದೊಡ್ಡವರಿಗೆ ಎರಡು ವರ್ಷದ ಕಲಿಕೆಯಿದೆ, ವಾರಕ್ಕೆ 40 ಗಂಟೆ, ಹಿರಿಯರ ಜೊತೆ ಕುಳಿತು ಬರಿಯ ಚೆರೋಕೀಯಲ್ಲೇ ಮಾತು. ಕಲಿಯುವವರಿಗೆ ನೇಷನ್ನೇ ಹಣ ಕೊಡುತ್ತದೆ. ಭಾಷೆ ಕಲಿಯುವುದನ್ನು ಸಂಬಳ ಕೊಡಬೇಕಾದ ಉದ್ಯೋಗವೆಂದು ಒಂದು ಸರ್ಕಾರ ಪರಿಗಣಿಸಿದೆ. ನಮ್ಮಲ್ಲಿ ತುಳು, ಕೊಡವ, ಬ್ಯಾರಿ ಭಾಷೆಗಳ ಬಗ್ಗೆ ಮಾತನಾಡುವವರು ಈ ಮಾದರಿಯನ್ನು ನೋಡಬೇಕು.

ಸಹ್ಯಾದ್ರಿ (ಓಕ್ಲಹೋಮಾ ಸಿಟಿ):
ವೈದ್ಯಕೀಯ ಕ್ಷೇತ್ರದವಳಾಗಿ ಎರಡು ಸಂಗತಿ ಹೇಳುತ್ತೇನೆ.

ಮೊದಲನೆಯದು ವಿಲ್ಮಾ ಮ್ಯಾನ್‌ಕಿಲ್ಲರ್. 1945ರಲ್ಲಿ ಟಾಲಿಕ್ವಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ಕುಟುಂಬದೊಡನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, 1970ರ ದಶಕದಲ್ಲಿ ಮರಳಿ ಬಂದವರು. 1980ರ ದಶಕದ ಆರಂಭದಲ್ಲಿ ಬೆಲ್ ಎಂಬ ಚೆರೋಕೀ ಹಳ್ಳಿಯಲ್ಲಿ ಎಷ್ಟೋ ಮನೆಗಳಿಗೆ ನಲ್ಲಿ ನೀರಿರಲಿಲ್ಲ. ಗುತ್ತಿಗೆದಾರರನ್ನು ಕರೆಸದೆ ಹಳ್ಳಿಯವರೇ ಪೈಪು ಹಾಕಲಿ ಎಂದು ಅವರು ಹೊರಟರು. ಒಂದೊಂದು ಕುಟುಂಬಕ್ಕೆ ಒಂದೊಂದು ಪಾಲು ಹಂಚಿ, ಹೆಂಗಸರೂ ಗಂಡಸರೂ ಕಲ್ಲುನೆಲ ಅಗೆದು ಸುಮಾರು 16 ಮೈಲಿ ಪೈಪು ಹೂತರು. ನೀರು ಬಂತು. ಆ ಕೆಲಸದಿಂದ ಹೆಸರಾದವರು 1985ರಲ್ಲಿ ಚೆರೋಕೀ ನೇಷನ್‌ನ ಮೊದಲ ಮಹಿಳಾ ಮುಖ್ಯಸ್ಥೆಯಾಗಿ 1995ರವರೆಗೆ ಆಳಿದರು. 2022ರಲ್ಲಿ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ಅವರ ಚಿತ್ರ ಬಂತು. ಅದರಲ್ಲಿ ಚೆರೋಕೀ ನೇಷನ್ ಎಂದು ಸೆಕ್ವೋಯಾನ ಲಿಪಿಯಲ್ಲೇ ಅಚ್ಚಾಗಿದೆ.

ಎರಡನೆಯದು, ಟಾಲಿಕ್ವಾದಲ್ಲಿ 2020ರಲ್ಲಿ ಓಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯ ಚೆರೋಕೀ ನೇಷನ್ ಜೊತೆ ಸೇರಿ ವೈದ್ಯಕೀಯ ಕಾಲೇಜು ತೆರೆಯಿತು. ಬುಡಕಟ್ಟು ನೆಲದಲ್ಲಿ, ಬುಡಕಟ್ಟು ಸರ್ಕಾರದ ಸಹಭಾಗಿತ್ವದಲ್ಲಿ ಅಮೆರಿಕದಲ್ಲೇ ಮೊದಲನೆಯದು. 2024ರಲ್ಲಿ ಮೊದಲ ತಂಡ ಪದವಿ ಪಡೆಯಿತು. ಹಳ್ಳಿಗೆ ವೈದ್ಯರು ಬರುವುದಿಲ್ಲ ಎಂದು ಎಲ್ಲ ಕಡೆ ಕೊರಗುತ್ತೇವೆ. ಇವರು ಕಾಲೇಜನ್ನೇ ಹಳ್ಳಿಯ ಕಡೆಗೆ ತಂದರು.

ಹಳೆಯ ಪುಟ (ಮೈಸೂರು):
ಒಂದು ವಿಷಯ ಬಿಟ್ಟುಹೋಗಿದೆ. ಟಾಲಿಕ್ವಾ ಎರಡು ಸರ್ಕಾರಗಳ ರಾಜಧಾನಿ. 1946ರಲ್ಲಿ ಕಾಂಗ್ರೆಸ್ಸಿನ ಮಾನ್ಯತೆ ಪಡೆದು 1950ರಲ್ಲಿ ತನ್ನ ಸಂವಿಧಾನ ಮಾಡಿಕೊಂಡ ಯುನೈಟೆಡ್ ಕೀಟೂವಾ ಬ್ಯಾಂಡ್‌ನ ಕೇಂದ್ರವೂ ಅದೇ ಊರು. ಚೆರೋಕೀ ನೇಷನ್ನಿಗೆ ಸೇರಲು ಡಾಸ್ ಪಟ್ಟಿಯಲ್ಲಿದ್ದ ಪೂರ್ವಜರೊಬ್ಬರು ಸಾಕು. ಕೀಟೂವಾ ಬ್ಯಾಂಡ್ ಕಾಲುಭಾಗ ಚೆರೋಕೀ ರಕ್ತ ಕೇಳುತ್ತದೆ. ಇಬ್ಬರ ನಡುವೆ ನೆಲ, ಅಧಿಕಾರಗಳ ಬಗ್ಗೆ ಹಳೆಯ ವ್ಯಾಜ್ಯವಿದೆ. ಮೂರನೆಯ ಸರ್ಕಾರ, ಗಡೀಪಾರಿನಿಂದ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ಉಳಿದವರ ಈಸ್ಟರ್ನ್ ಬ್ಯಾಂಡ್, ಉತ್ತರ ಕ್ಯಾರೊಲಿನಾದಲ್ಲಿದೆ.

ಶಾಲೆಯ ಅಂಗಳ (ಹಾವೇರಿ):
ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡೆ. ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಒಂದಿದೆ: ಇಷ್ಟೆಲ್ಲ ಇದ್ದರೂ ಅಮೆರಿಕದ ಸಂಸತ್ತಿನಲ್ಲಿ ಚೆರೋಕೀ ನೇಷನ್ನಿಗೆ ಪ್ರತಿನಿಧಿ ಇದ್ದಾರೆಯೇ?

ನ್ಯಾಯಪಥ (ಬೆಂಗಳೂರು):
ಚೆರೋಕೀ ಜನಾಂಗದವರು ಬೇರೆಯವರಂತೆ ಚುನಾವಣೆಯಲ್ಲಿ ಗೆದ್ದು ಕಾಂಗ್ರೆಸ್ಸಿಗೆ ಹೋಗಿದ್ದಾರೆ. ನೇಷನ್ನಿನ ಪ್ರತಿನಿಧಿಯಾಗಿ ಯಾರೂ ಇಲ್ಲ. ಆದರೆ ಹಕ್ಕಿದೆ. ಜನ ಒಪ್ಪದಿದ್ದರೂ ಅವರ ಮೇಲೆ ಹೇರಿದ ಅದೇ 1835ರ ಒಪ್ಪಂದದ 7ನೆಯ ವಿಧಿ, ಕಾಂಗ್ರೆಸ್ಸು ಅವಕಾಶ ಮಾಡಿಕೊಟ್ಟಾಗ ಚೆರೋಕೀಗಳಿಗೆ ಪ್ರತಿನಿಧಿ ಸಭೆಯಲ್ಲಿ ಒಬ್ಬ ಪ್ರತಿನಿಧಿ ಇರಬೇಕು ಎನ್ನುತ್ತದೆ. 2019ರಲ್ಲಿ ಮುಖ್ಯಸ್ಥ ಚಕ್ ಹಾಸ್ಕಿನ್ ಜೂನಿಯರ್ ಅವರು ಕಿಂಬರ್ಲಿ ಟೀಹೀ ಅವರನ್ನು ಆ ಸ್ಥಾನಕ್ಕೆ ಹೆಸರಿಸಿದರು, ಪರಿಷತ್ತು ಒಪ್ಪಿತು. 2022ರ ನವೆಂಬರ್‌ನಲ್ಲಿ ಸಭೆಯ ನಿಯಮ ಸಮಿತಿ ವಿಚಾರಣೆ ನಡೆಸಿತು, ಆದರೆ ಮತಕ್ಕೆ ಹಾಕಲಿಲ್ಲ. ಇದೇ ಒಪ್ಪಂದದ ಹಕ್ಕು ತಮಗೂ ಸೇರಿದ್ದು ಎಂದು ಕೀಟೂವಾ ಬ್ಯಾಂಡ್ ವಾದಿಸುತ್ತದೆ. ಆ ಪ್ರತಿನಿಧಿಗೆ ಸದನದ ಅಂತಿಮ ಮತದಾನದ ಹಕ್ಕು ಇರುವುದಿಲ್ಲ, ಸಮಿತಿಗಳಲ್ಲಿ ಕುಳಿತು ಮಾತನಾಡಬಹುದು ಎಂಬುದು ಈಗಿನ ಪ್ರಸ್ತಾಪ. ನೆಲ ತೆಗೆದುಕೊಳ್ಳುವ ವಿಧಿಗಳನ್ನು ಮೂರೇ ವರ್ಷಗಳಲ್ಲಿ ಬಂದೂಕು ಹಿಡಿದು ಜಾರಿಗೆ ತಂದರು. ಪ್ರತಿನಿಧಿಯನ್ನು ಕೂರಿಸುವ ವಿಧಿಗೆ ಸದನದ ಒಂದು ನಿರ್ಣಯ ಸಾಕು ಎಂದು ಚೆರೋಕೀ ನೇಷನ್ ಹೇಳುತ್ತಿದೆ. ನಾನು ಓದಿದ ಮಟ್ಟಿಗೆ ಆ ವಾದ ಗಟ್ಟಿಯಾಗಿದೆ.